ಎಲ್ಲರ ಸೊತ್ತೂ ವರ್ತಕನ ಕೈಯೂ

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಸ್ನೇಹಿತರೊಬ್ಬರ ಮಗನು ನಮ್ಮ ಮನೆಗೆ ಬಂದಿದ್ದನು. ಆತನು ಬೆಂಗಳೂರಿನ ಒಂದು ದೊಡ್ಡ ಕಂಪೆನಿಯಲ್ಲಿ ಎಂಜಿನಿಯರು. ಸಂಬಳ ಸವಲತ್ತುಗಳಿಗೆ ಕೊರತೆಯಿಲ್ಲ, ನಡೆನುಡಿಗಳಲ್ಲಿ ವಿನಯವುಳ್ಳವನು. ಆದರೂ ಮುಖದಲ್ಲಿ ಏನೋ ಒಂದು ಚಿಂತೆ ಕಾಣುತ್ತಿತ್ತು. ಕಾಫಿಯಾದ ಮೇಲೆ ಕಾರಣವನ್ನು ಕೇಳಿದೆವು. ಆತನು ಹೇಳಿದುದಿಷ್ಟು: "ಮಾಮ, ಕಾಲೇಜಿನಲ್ಲಿ ಓದುತ್ತಿದ್ದಾಗ ರಾತ್ರಿ ನಿದ್ದೆಗೆಟ್ಟು ಲಿನಕ್ಸಿನ ದೋಷಗಳನ್ನು ತಿದ್ದಿ ಕಳುಹಿಸುತ್ತಿದ್ದೆ. ಯಾರೂ ಕೇಳಿರಲಿಲ್ಲ, ಯಾರೂ ಕಾಸು ಕೊಡುತ್ತಿರಲಿಲ್ಲ. ಈಗಲೂ ಅದೇ ಕೆಲಸ. ಆದರೆ ತಿಂಗಳು ತಿಂಗಳಿಗೆ ಸಂಬಳ ಬರುತ್ತದೆ. ಹೋದ ವರ್ಷ ಹಳೆಯ ಯಂತ್ರಗಳಲ್ಲಿ ತೋರುವ ಒಂದು ದೋಷವನ್ನು ತಿದ್ದಬೇಕೆಂದಿದ್ದೆ. ಬಡ ಶಾಲೆಗಳಿಗೆ ಅದರಿಂದ ಉಪಯೋಗವಾಗುತ್ತಿತ್ತು. 'ಆ ಯಂತ್ರ ಇಟ್ಟುಕೊಂಡವರು ನಮ್ಮ ಗಿರಾಕಿಗಳಲ್ಲಿ ಯಾರೂ ಇಲ್ಲ, ಬಿಡು' ಎಂದರು ಮೇಲಿನವರು. ಬಿಟ್ಟೆ. ಆಗ ನಾನು ಮಾಡುತ್ತಿದ್ದುದನ್ನು ದಾನವೆಂದು ತಿಳಿದಿದ್ದೆ. ಈಗ ಮಾಡುತ್ತಿರುವುದನ್ನು ಏನೆಂದು ಕರೆಯಲಿ?"

ಆ ಹೊತ್ತಿಗೆ ನಮಗೆ ಸರಿಯಾದ ಉತ್ತರವು ಹೊಳೆಯಲಿಲ್ಲ. ಆತನು ಹೋದ ಮೇಲೆ ವಿಚಾರ ಮಾಡಿದಂತೆಲ್ಲ, ಇದು ಒಬ್ಬ ತರುಣನ ಮನಸ್ಸಿನ ತೊಳಲಾಟ ಮಾತ್ರವಲ್ಲ, ನಮ್ಮ ಕಾಲದ ಒಂದು ದೊಡ್ಡ ಧರ್ಮಪ್ರಶ್ನೆ ಎಂದು ತೋರಿತು. ಎಲ್ಲರಿಗೂ ಸೇರಿದ್ದೆಂದು ಬಿಟ್ಟ ವಸ್ತುವನ್ನು ಲಾಭಾಪೇಕ್ಷಿಯಾದ ವರ್ತಕನು ಕೈಯಲ್ಲಿ ಹಿಡಿದು, ಹಣ ಸುರಿದು, ಬೆಳೆಸಿದರೆ, ಅದು ಎಲ್ಲರದಾಗಿಯೇ ಉಳಿಯುವುದೇ? ಉಳಿಯಬೇಕಾದರೆ ಏನಿರಬೇಕು? ಈ ಪ್ರಶ್ನೆಯನ್ನು ವಾಚಕರ ಮುಂದಿಟ್ಟು, ನಮಗೆ ತೋರಿದಷ್ಟನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ.

ಮೊದಲು ವಸ್ತುವಿನ ಪರಿಚಯವಾಗಬೇಕು. ಕಂಪ್ಯೂಟರಾಗಲಿ ಕೈಯಲ್ಲಿ ಹಿಡಿಯುವ ಫೋನಾಗಲಿ, ಪ್ರತಿಯೊಂದು ಯಂತ್ರದಲ್ಲಿಯೂ ಆಪರೇಟಿಂಗ್ ಸಿಸ್ಟಂ ಎಂಬುದೊಂದಿರುತ್ತದೆ. ದೊಡ್ಡ ಸಂಸಾರದಲ್ಲಿ ಯಜಮಾನಿತಿಯು ಉಗ್ರಾಣದ ಬೀಗದ ಕೈಯನ್ನಿಟ್ಟುಕೊಂಡು, ಯಾರಿಗೆ ಏನು, ಎಷ್ಟು, ಯಾವಾಗ ಎಂಬುದನ್ನು ಏರ್ಪಡಿಸುವಂತೆ, ಯಂತ್ರದ ಶಕ್ತಿಯನ್ನು ಅದರೊಳಗೆ ನಡೆಯುವ ನಾನಾ ಕೆಲಸಗಳಿಗೆ ಹಂಚಿಕೊಡುವುದು ಇದರ ಕಾರ್ಯ. ಇದನ್ನು ಮನುಷ್ಯರು ಬರೆಯುತ್ತಾರೆ. ಅವರು ಬರೆದ ರೂಪಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ನಾವು ಅದನ್ನು ಮೂಲಪಾಠವೆನ್ನೋಣ. ಯಂತ್ರವು ನಡೆಯುವುದಕ್ಕೆ ಮೂಲಪಾಠವನ್ನು ಕೊಳ್ಳುವವನ ಕೈಗೆ ಕೊಡಬೇಕಾದುದಿಲ್ಲ. ಲೇಹ್ಯವನ್ನು ಮಾರುವ ವೈದ್ಯನು ಅದರ ಯೋಗವನ್ನು ಗುಟ್ಟಾಗಿಟ್ಟುಕೊಳ್ಳಬಹುದಲ್ಲವೆ? ಹಾಗೆ ಗುಟ್ಟಾಗಿಡುವುದೇ ಬಹುಕಾಲ ಕಂಪೆನಿಗಳ ಪದ್ಧತಿಯಾಗಿತ್ತು. ಯೋಗವನ್ನೇ ಬರೆದು ಕೈಗೆ ಕೊಟ್ಟು, "ಇದನ್ನು ಓದು, ನಿನಗೆ ಬೇಕಾದಂತೆ ತಿದ್ದು, ನೆರೆಯವನಿಗೂ ಕೊಡು" ಎನ್ನುವ ಇನ್ನೊಂದು ಪದ್ಧತಿಯೂ ಉಂಟು. ಆ ಪದ್ಧತಿಗೆ ಸೇರಿದುದು ಲಿನಕ್ಸ್.

ಇದರ ಚರಿತ್ರೆ ಸ್ವಾರಸ್ಯವುಳ್ಳದ್ದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯುನಿಕ್ಸ್ ಎಂಬ ವ್ಯವಸ್ಥೆಯನ್ನು ನಿರ್ಮಿಸತೊಡಗಿದರು. ಆ ಶಾಲೆಯ ಒಡೆತನವಿದ್ದ ಟೆಲಿಫೋನ್ ಕಂಪೆನಿಯು 1956ರ ಒಂದು ನ್ಯಾಯಾಲಯದ ಒಡಂಬಡಿಕೆಯಿಂದ ಬೇರೆ ವ್ಯಾಪಾರಗಳಿಗೆ ಇಳಿಯದಂತೆ ಕಟ್ಟುಬಿದ್ದಿತ್ತು. ಆದುದರಿಂದ ಯುನಿಕ್ಸಿನ ಮೂಲಪಾಠವು ಅಲ್ಪ ಶುಲ್ಕಕ್ಕೆ ಯೂನಿವರ್ಸಿಟಿಗಳಿಗೆ ದೊರೆಯಿತು. ವಿದ್ಯಾರ್ಥಿಗಳು ಅದನ್ನು ಓದಿ, ತಿದ್ದಿ, ಬೆಳೆಸಿದರು. 1984ರಲ್ಲಿ ಆ ಕಂಪೆನಿಯು ಒಡೆದು ಹಳೆಯ ಕಟ್ಟು ಸಡಿಲಿದೊಡನೆಯೇ ಅದೇ ವಿದ್ಯೆ ಪೂರ್ಣವಾಗಿ ಮಾರಾಟದ ಸರಕಾಯಿತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು: ಅಷ್ಟು ವರ್ಷ ಅದು ಹಂಚಲ್ಪಟ್ಟುದು ಔದಾರ್ಯದಿಂದಲ್ಲ, ಮಾರುವುದಕ್ಕೆ ಅಡ್ಡಿಯಿದ್ದುದರಿಂದ. ಅಡ್ಡಿ ಹೋದೊಡನೆ ಹಂಚಿಕೆಯೂ ಹೋಯಿತು.

ಈ ಬದಲಾವಣೆಯ ಕಾಲದಲ್ಲಿಯೇ, 1983ರಲ್ಲಿ, ರಿಚರ್ಡ್ ಸ್ಟಾಲ್ಮನ್ ಎಂಬಾತನು ಎಲ್ಲರೂ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ಸಂಪೂರ್ಣ ವ್ಯವಸ್ಥೆಯೊಂದನ್ನು ಕಟ್ಟುವೆನೆಂದು ಸಾರಿದನು. ಅದಕ್ಕೆ ಗ್ನೂ ಎಂದು ಹೆಸರಿಟ್ಟನು. ಆತನ ದೊಡ್ಡ ಕೊಡುಗೆ ಯಂತ್ರಶಾಸ್ತ್ರದಲ್ಲಿಗಿಂತ ಧರ್ಮಶಾಸ್ತ್ರದಲ್ಲಿಯೇ ಎಂದರೆ ಅತಿಶಯೋಕ್ತಿಯಾಗದು. 1989ರಲ್ಲಿ ಆತನು ಹೊರಡಿಸಿದ ಜಿ.ಪಿ.ಎಲ್. ಎಂಬ ಲೈಸೆನ್ಸು ಪತ್ರವು ಹೇಳುವುದು ಇದು: ನೀನು ಇದನ್ನು ಯಾವ ಕೆಲಸಕ್ಕಾದರೂ ಬಳಸು, ಓದು, ತಿದ್ದು, ಹಂಚು, ಹಣಕ್ಕೆ ಮಾರಿದರೂ ಸರಿಯೆ. ಆದರೆ ನಿನ್ನಿಂದ ಪಡೆದವನಿಗೆ ಮೂಲಪಾಠವೂ ಇದೇ ಹಕ್ಕುಗಳೂ ಸಲ್ಲಬೇಕು. ನೀನು ಮಾಡಿದ ತಿದ್ದುಪಾಡಿನ ಮೂಲಪಾಠವೂ ಸಲ್ಲಬೇಕು. ಕಾನೂನು ಒಬ್ಬನ ಒಡೆತನವನ್ನು ಕಾಯುವುದಕ್ಕೆಂದು ಕೊಟ್ಟ ಆಯುಧವನ್ನು ಈತನು ಎಲ್ಲರ ಹಕ್ಕನ್ನು ಕಾಯುವುದಕ್ಕೆ ತಿರುಗಿಸಿದನು.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ಯೂನಿವರ್ಸಿಟಿಯ ವಿದ್ಯಾರ್ಥಿ, ಇಪ್ಪತ್ತೊಂದು ವರ್ಷದ ಲಿನಸ್ ಟೋರ್ವಾಲ್ಡ್ಸನು, ತನ್ನ ಮನೆಯ ಯಂತ್ರಕ್ಕೆಂದು ಬರೆದ ಸುಮಾರು 10,000 ಸಾಲುಗಳ ಮೂಲಪಾಠವನ್ನು ಲೋಕಕ್ಕೆ ಬಿಟ್ಟನು. ಅದು ಲಿನಕ್ಸಿನ ಬೀಜ. ಇಂದು ಅದು 3 ಕೋಟಿ ಸಾಲುಗಳನ್ನು ಮೀರಿದೆ. ಇಲ್ಲಿ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿಯಿದೆ. ಆತನು ಮೊದಲು ವಿಧಿಸಿದ ನಿಬಂಧನೆಯು, ಇದನ್ನು ಹಂಚುವವರು ಹಣವನ್ನು ಮುಟ್ಟಕೂಡದು ಎಂದಿತ್ತು. ಮಡಿಯು ಬಹಳ ಬಿಗಿಯಾಗಿತ್ತೆನ್ನಬಹುದು. 1992ರಲ್ಲಿ ಆತನೇ ಅದನ್ನು ತೆಗೆದುಹಾಕಿ ಜಿ.ಪಿ.ಎಲ್. ಅನ್ನು ಅಂಗೀಕರಿಸಿದನು. ಅಂದರೆ, ಹಣವನ್ನು ಹೊರಗಿಡುವ ನಿಯಮವನ್ನು ಬಿಟ್ಟು, ಮುಚ್ಚಿಡುವುದನ್ನು ಹೊರಗಿಡುವ ನಿಯಮವನ್ನು ಹಿಡಿದನು. ವರ್ತಕನು ಒಳಗೆ ಬರಲು ಬಾಗಿಲು ತೆರೆದುದು ಆ ದಿನ.

ವರ್ತಕನು ಬಂದನು. 2000ದ ಕೊನೆಯಲ್ಲಿ ಐ.ಬಿ.ಎಂ. ಕಂಪೆನಿಯು ಮುಂದಿನ ವರ್ಷ ಲಿನಕ್ಸಿಗಾಗಿ 100 ಕೋಟಿ ಡಾಲರು ವೆಚ್ಚಮಾಡುವೆನೆಂದು ಪ್ರಕಟಿಸಿತು. ಆಗ ಮೈಕ್ರೋಸಾಫ್ಟಿನ ಮುಖ್ಯಸ್ಥನಾಗಿದ್ದ ಸ್ಟೀವ್ ಬಾಲ್ಮರನು 2001ರಲ್ಲಿ ಲಿನಕ್ಸನ್ನು ಅರ್ಬುದರೋಗಕ್ಕೆ ಹೋಲಿಸಿದನು. ಆದರೆ 2009ರಲ್ಲಿ ಅದೇ ಮೈಕ್ರೋಸಾಫ್ಟು ಸುಮಾರು 20,000 ಸಾಲುಗಳನ್ನು ಲಿನಕ್ಸಿಗೆ ಒಪ್ಪಿಸಿತು. 2014ರಲ್ಲಿ ಹೊಸ ಮುಖ್ಯಸ್ಥರಾದ, ನಮ್ಮ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ, ಸತ್ಯ ನಾದೆಲ್ಲರು ಲಿನಕ್ಸಿನಲ್ಲಿ ತಮ್ಮ ಕಂಪೆನಿಗೆ ಪ್ರೀತಿಯುಂಟೆಂದು ಸಾರಿದರು. 2016ರಲ್ಲಿ ಆ ಕಂಪೆನಿ ಲಿನಕ್ಸ್ ಫೌಂಡೇಷನ್ನಿನ ಸದಸ್ಯನೂ ಆಯಿತು. 2019ರಲ್ಲಿ ಐ.ಬಿ.ಎಂ.ನವರು ಲಿನಕ್ಸನ್ನೇ ಆಧಾರಮಾಡಿಕೊಂಡು ಬೆಳೆದ ರೆಡ್ ಹ್ಯಾಟ್ ಕಂಪೆನಿಯನ್ನು ಸುಮಾರು 3,400 ಕೋಟಿ ಡಾಲರಿಗೆ ಕೊಂಡರು. ಲಿನಕ್ಸ್ ಫೌಂಡೇಷನ್ನಿನ 2017ರ ವರದಿಯಂತೆ, 2005ರಿಂದ ಆವರೆಗೆ 1,400ಕ್ಕೂ ಹೆಚ್ಚು ಕಂಪೆನಿಗಳಿಗೆ ಸೇರಿದ 15,000ಕ್ಕೂ ಹೆಚ್ಚು ಮಂದಿ ಇದರ ತಿರುಳಿಗೆ ಕೈಹಾಕಿದ್ದರು. ಸಂಬಳವಿಲ್ಲದೆ ದುಡಿಯುವವರ ಪಾಲು ನೂರಕ್ಕೆ ಹತ್ತಕ್ಕಿಂತ ಕಡಿಮೆಯಾಗಿತ್ತು. ಲೋಕದ ಅತ್ಯಂತ ಬಲಿಷ್ಠವಾದ 500 ಗಣಕಯಂತ್ರಗಳ ಪಟ್ಟಿಯಲ್ಲಿರುವುವೆಲ್ಲವೂ 2017ರ ನವೆಂಬರಿನಿಂದ ಲಿನಕ್ಸಿನಿಂದಲೇ ನಡೆಯುತ್ತಿವೆ. ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ.

ಇನ್ನು ಪೂರ್ವಪಕ್ಷಗಳನ್ನು ನೋಡೋಣ. ಒಂದು ಪಕ್ಷದವರು ಹೇಳುವುದು: ಪ್ರೀತಿಯಿಂದ ಕೊಟ್ಟುದು ಪ್ರೀತಿಯಿಂದಲೇ ಬೆಳೆಯಬೇಕು, ಲಾಭದ ಕೈ ಸೋಕಿದೊಡನೆ ಅದರ ಪಾವಿತ್ರ್ಯವು ಕೆಡುತ್ತದೆ, ದುಡಿದವರು ಸಾವಿರಾರು ಮಂದಿ ಬಡಪಾಯಿಗಳು, ಉಂಡವರು ಕೆಲವರು ಕೋಟ್ಯಧೀಶರು. ಇನ್ನೊಂದು ಪಕ್ಷದವರು ಹೇಳುವುದು: ಇದೆಲ್ಲ ಭಾವುಕತೆ, ವರ್ತಕನು ತನ್ನ ಲಾಭಕ್ಕೆ ಮಾಡಿದರೂ ಫಲವು ಎಲ್ಲರಿಗೂ ದೊರೆಯುತ್ತಿದೆಯಲ್ಲವೆ? ಮಳೆಯು ಯಾವ ಕಾರಣದಿಂದ ಬಂದರೇನು, ಪೈರು ಬೆಳೆದರಾಯಿತು.

ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದೆ. ಎರಡರಲ್ಲಿಯೂ ಒಂದು ಗೊಂದಲವಿದೆ. ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಅವರು ಒಂದಾಗಿ ಕಲಸಿಬಿಡುತ್ತಾರೆ. ಮಾಡಿದವನ ಸಂಕಲ್ಪವೇನು ಎಂಬುದು ಒಂದು. ಮಾಡಿದುದರ ಫಲವು ಯಾರಿಗೆ ಸೇರಿತು ಎಂಬುದು ಎರಡು. ಮಾಡಿದ ವಸ್ತುವಿಗೆ ವಿಧಿಸಿದ ನಿಯಮವೇನು, ಅಂದರೆ ನಾಳೆ ಅದು ಯಾರ ಕೈಯಲ್ಲಿರುವುದು ಎಂಬುದು ಮೂರು. ಮೊದಲನೆಯ ಪಕ್ಷವು ಸಂಕಲ್ಪವನ್ನು ಮಾತ್ರ ನೋಡುತ್ತದೆ. ಎರಡನೆಯದು ಫಲವನ್ನು ಮಾತ್ರ ನೋಡುತ್ತದೆ. ನಿಯಮವನ್ನು ಎರಡೂ ಮರೆಯುತ್ತವೆ.

ಸಂಕಲ್ಪದ ಮಾತನ್ನು ಮೊದಲು ಎತ್ತಿಕೊಳ್ಳೋಣ. ಐ.ಬಿ.ಎಂ.ನವರು ಹಣ ಸುರಿದುದೇಕೆ? ಅವರು ಯಂತ್ರಗಳನ್ನೂ ಸೇವೆಯನ್ನೂ ಮಾರುವವರು. ಯಂತ್ರದೊಳಗಿನ ವ್ಯವಸ್ಥೆಯು ಎಲ್ಲರಿಗೂ ಸಾಮಾನ್ಯವಾಗಿ ದೊರೆತರೆ ಪ್ರತಿಸ್ಪರ್ಧಿಯ ಬಲವು ಕುಗ್ಗುವುದು, ತಮ್ಮ ಸರಕಿನ ಬೇಡಿಕೆ ಹೆಚ್ಚುವುದು. ದಾರಿಯು ಧರ್ಮದ್ದಾದರೆ ಗಾಡಿ ಮಾರುವವನಿಗೆ ಲಾಭ. ಗೂಗಲಿನವರು ಆಂಡ್ರಾಯ್ಡನ್ನು ಫೋನು ಮಾಡುವವರಿಗೆ ಬೆಲೆಯಿಲ್ಲದೆ ಕೊಟ್ಟುದೂ ತಮ್ಮ ಹುಡುಕಾಟದ ಸೇವೆಯು ಪ್ರತಿಯೊಂದು ಕೈಗೂ ತಲುಪಲೆಂದೇ. ಇದರಲ್ಲಿ ಗುಟ್ಟೇನೂ ಇಲ್ಲ. ವರ್ತಕನು ಲಾಭವನ್ನು ನೋಡುವುದು ಆತನ ವೃತ್ತಿಧರ್ಮ. ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ ಗೊತ್ತಿರುವಂತೆ, ಕೆರೆಗಳನ್ನು ಕಟ್ಟಿಸಿದವರಲ್ಲಿ ಸೆಟ್ಟಿಗಳೂ ಇದ್ದರು, ದಂಡನಾಯಕರೂ ಇದ್ದರು. ಅವರಲ್ಲಿ ಪುಣ್ಯಕ್ಕಾಗಿ ಕಟ್ಟಿಸಿದವರೆಷ್ಟು ಮಂದಿ, ಹೆಸರಿಗಾಗಿ ಕಟ್ಟಿಸಿದವರೆಷ್ಟು ಮಂದಿ, ಇದನ್ನು ಲೆಕ್ಕ ಹಾಕುವ ಅಧಿಕಾರ ನಮಗಿಲ್ಲ. ಸಂಕಲ್ಪಶುದ್ಧಿ ಮಾಡಿದವನ ಆತ್ಮಕ್ಕೆ ಸಂಬಂಧಿಸಿದ್ದು. ನೀರು ಕುಡಿಯುವವನು ಕೇಳಬೇಕಾದ ಪ್ರಶ್ನೆಗಳೇ ಬೇರೆ: ತೂಬಿನ ಕೀಲಿ ಯಾರ ಕೈಯಲ್ಲಿದೆ? ನಾಳೆ ಕಟ್ಟಿಸಿದವನ ಮೊಮ್ಮಗನು ಬಂದು ನೀರಿಲ್ಲವೆಂದರೆ ನನಗೇನು ಗತಿ?

ಫಲದ ವಿಷಯದಲ್ಲಿ, ಕನ್ನಡಿಗರಾದ ನಾವು ಕೃತಘ್ನರಾಗಬಾರದು. ಕನ್ನಡದ ಅಕ್ಷರವು ರೋಮನ್ ಲಿಪಿಯಂತೆ ಒಂದರ ಪಕ್ಕದಲ್ಲೊಂದು ಕೂತು ಸುಮ್ಮನಾಗುವುದಲ್ಲ. ಗುಣಿತವೂ ಒತ್ತಕ್ಷರವೂ ತಮ್ಮ ತಮ್ಮ ಸ್ಥಾನದಲ್ಲಿ ಕೂಡಬೇಕು. ಈ ಕೂಡಿಕೆಯನ್ನು ಮಾಡುವ ಹಾರ್ಫ್‌ಬಜ್ ಎಂಬ ಸಾಧನವು ಸರ್ವರಿಗೂ ತೆರೆದುದು. ಲಿನಕ್ಸಿನಲ್ಲಿಯೂ ಆಂಡ್ರಾಯ್ಡಿನಲ್ಲಿಯೂ ಅದೇ ನಮ್ಮ ಲಿಪಿಯನ್ನು ಜೋಡಿಸುತ್ತದೆ. ಅದನ್ನು ಮುಖ್ಯವಾಗಿ ಬೆಳೆಸಿದ ವಿದ್ವಾಂಸನು ಮೊದಲು ರೆಡ್ ಹ್ಯಾಟಿನಲ್ಲಿಯೂ ಅನಂತರ ಗೂಗಲಿನಲ್ಲಿಯೂ ಸಂಬಳದಲ್ಲಿದ್ದವನು. ಲೋಹಿತ್ ಎಂಬ ಕನ್ನಡ ಅಕ್ಷರವಿನ್ಯಾಸವೂ ರೆಡ್ ಹ್ಯಾಟಿನ ಪೋಷಣೆಯಲ್ಲಿಯೇ ಬೆಳೆಯಿತು. ಮಗಳು ದೂರದೇಶದಿಂದ ಬರೆದ ಕನ್ನಡದ ನಾಲ್ಕು ಸಾಲು ತಾಯಿಯ ಫೋನಿನಲ್ಲಿ ಒತ್ತು ತಪ್ಪದೆ ಮೂಡುವಾಗ, ಅದರ ಹಿಂದೆ ವರ್ತಕನ ಹಣವೂ ಇದೆ. ಆ ಹಣವು ಮುಟ್ಟಿದುದರಿಂದ ಅಕ್ಷರವು ಮೈಲಿಗೆಯಾಯಿತೆಂದು ಹೇಳುವ ಧೈರ್ಯ ನಮಗಿಲ್ಲ.

ಹಾಗಾದರೆ ಎರಡನೆಯ ಪಕ್ಷವೇ ಗೆದ್ದಂತಾಯಿತೇ? ಇಲ್ಲ. ಮೂರನೆಯ ಪ್ರಶ್ನೆ ಇನ್ನೂ ನಿಂತಿದೆ. ನಿಯಮದ ಅಕ್ಷರವನ್ನು ಉಳಿಸಿ ಅದರ ಜೀವವನ್ನು ತೆಗೆಯುವುದು ಸಾಧ್ಯವೆಂಬುದಕ್ಕೆ ಎರಡು ನಿದರ್ಶನಗಳು ಸಾಕು.

ಮೊದಲನೆಯದು ಆಂಡ್ರಾಯ್ಡ್. ಇದರ ಮೂಲಪಾಠವು ತೆರೆದಿದೆ. ಯಾರು ಬೇಕಾದರೂ ತೆಗೆದುಕೊಂಡು ತಮ್ಮದೊಂದನ್ನು ಕಟ್ಟಬಹುದೆಂಬುದು ಮಾತು. ಆದರೆ ಜನರು ನಿತ್ಯ ಬಳಸುವ ಆ್ಯಪ್‌ಗಳ ಅಂಗಡಿಯೂ ಅದಕ್ಕೆ ಹೊಂದಿದ ಸೇವೆಗಳೂ ತೆರೆದ ಭಾಗದಲ್ಲಿಲ್ಲ. ಅವು ಗೂಗಲಿನ ಸ್ವಂತ ಸೊತ್ತು. ಆ ಅಂಗಡಿ ಬೇಕೆನ್ನುವ ಫೋನು ತಯಾರಕರು ಗೂಗಲಿನ ಹುಡುಕಾಟವನ್ನೂ ಬ್ರೌಸರನ್ನೂ ಮೊದಲೇ ತುಂಬಿಡಬೇಕೆಂದೂ, ಬೇರೆಯವರು ಕವಲೊಡೆಸಿದ ಆಂಡ್ರಾಯ್ಡಿನ ಫೋನುಗಳನ್ನು ಮಾರಕೂಡದೆಂದೂ ಕರಾರು ಮಾಡಿಸಿಕೊಂಡರೆಂದು ಯೂರೋಪಿಯನ್ ಕಮಿಷನ್ನು 2018ರಲ್ಲಿ ತೀರ್ಮಾನಿಸಿ 434 ಕೋಟಿ ಯೂರೋ ದಂಡವನ್ನು ವಿಧಿಸಿತು. 2022ರಲ್ಲಿ ಅಲ್ಲಿಯ ನ್ಯಾಯಾಲಯವು ತೀರ್ಮಾನದ ಬಹುಭಾಗವನ್ನು ಎತ್ತಿಹಿಡಿದು ದಂಡವನ್ನು 412.5 ಕೋಟಿಗೆ ಇಳಿಸಿತು. ನಮ್ಮ ದೇಶದ ಸ್ಪರ್ಧಾ ಆಯೋಗವೂ 2022ರಲ್ಲಿ ಇದೇ ಬಗೆಯ ಆಕ್ಷೇಪಗಳ ಮೇಲೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರಲ್ಲಿ ಮೇಲ್ಮನವಿಯ ನ್ಯಾಯಮಂಡಲಿಯು ಕೆಲವು ಆದೇಶಗಳನ್ನು ತೆಗೆದುಹಾಕಿದರೂ ದಂಡವನ್ನು ಸ್ಥಿರಪಡಿಸಿತು. ಗೂಗಲಿನವರ ಸಮಾಧಾನವೂ ಇದೆ: ಏಕರೂಪವಿಲ್ಲದಿದ್ದರೆ ಒಂದು ಫೋನಿನಲ್ಲಿ ನಡೆಯುವುದು ಇನ್ನೊಂದರಲ್ಲಿ ನಡೆಯದು, ಜನರಿಗೇ ತೊಂದರೆ ಎಂದು. ಅದರಲ್ಲಿ ನಿಜವಿಲ್ಲದಿಲ್ಲ. ಆದರೂ ಕೆರೆಗೆ ಬೇಲಿಯಿಲ್ಲ, ಕೊಡವನ್ನು ಮಾತ್ರ ನನ್ನಿಂದಲೇ ಪಡೆಯಬೇಕು ಎಂದರೆ, ಬೇಲಿಯಿಲ್ಲದಿರುವುದರ ಪ್ರಯೋಜನವೆಷ್ಟು?

ಎರಡನೆಯದು ರೆಡ್ ಹ್ಯಾಟಿನದು. ಈ ಕಂಪೆನಿಯ ಲಿನಕ್ಸನ್ನು ಹಾಗೆಯೇ ಮರುನಿರ್ಮಿಸಿ ಬೆಲೆಯಿಲ್ಲದೆ ಕೊಡುತ್ತಿದ್ದ ಸೆಂಟ್‌ಓಎಸ್ ಎಂಬುದೊಂದಿತ್ತು. ಸಣ್ಣ ಸಂಸ್ಥೆಗಳೂ ಯೂನಿವರ್ಸಿಟಿಗಳೂ ಅದನ್ನು ನಂಬಿದ್ದುವು. 2014ರಲ್ಲಿ ರೆಡ್ ಹ್ಯಾಟು ಅದನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡಿತು. 2029ರವರೆಗೆ ನಡೆಯುವುದೆಂದು ಜನರು ನಂಬಿದ್ದ ಅದರ ಎಂಟನೆಯ ಆವೃತ್ತಿಯನ್ನು 2021ರ ಕೊನೆಗೇ ನಿಲ್ಲಿಸುವುದಾಗಿ 2020ರ ಡಿಸೆಂಬರಿನಲ್ಲಿ ಪ್ರಕಟಿಸಿತು. 2023ರ ಜೂನಿನಲ್ಲಿ, ತಾನು ಮಾರುವ ಆವೃತ್ತಿಯ ಮೂಲಪಾಠವನ್ನು ಗಿರಾಕಿಗಳಿಗೆ ಮಾತ್ರ ಕೊಡುವುದೆಂದು ನಿಶ್ಚಯಿಸಿತು. ಅದನ್ನು ಪಡೆದು ಮರಳಿ ಹಂಚುವವರೊಡನೆ ವ್ಯವಹಾರವನ್ನು ನಿಲ್ಲಿಸುವ ಅವಕಾಶವೂ ಅದರ ಕರಾರಿನಲ್ಲಿದೆ. ಜಿ.ಪಿ.ಎಲ್. ಹೇಳುವುದು ಪಡೆದವನಿಗೆ ಮೂಲಪಾಠ ಸಲ್ಲಬೇಕೆಂದೇ ಹೊರತು ಊರಿಗೆಲ್ಲ ಸಲ್ಲಬೇಕೆಂದಲ್ಲ. ಆದುದರಿಂದ ಅಕ್ಷರಕ್ಕೆ ಭಂಗ ಬಂದಿಲ್ಲವೆಂದು ಅವರು ವಾದಿಸಬಹುದು. ಅವರ ಪರವಾಗಿ ನ್ಯಾಯವಾಗಿ ಹೇಳಬೇಕಾದುದೂ ಇದೆ: ಆ ಕಂಪೆನಿಯು ವರ್ಷಗಟ್ಟಲೆ ನೂರಾರು ಮಂದಿಗೆ ಸಂಬಳ ಕೊಟ್ಟು ಮಾಡಿಸಿದ ಕೆಲಸವು ಮೂಲ ಲಿನಕ್ಸಿಗೆ ಸೇರಿ ಎಲ್ಲರಿಗೂ ದೊರೆತಿದೆ, ಏನೂ ದುಡಿಯದೆ ನಕಲು ಮಾಡಿ ಅದೇ ಗಿರಾಕಿಗಳಿಗೆ ಮಾರುವ ಶ್ರೀಮಂತ ಪ್ರತಿಸ್ಪರ್ಧಿಗಳೂ ಇದ್ದಾರೆ. ಆದರೆ ಆಶ್ರಯ ಕೊಟ್ಟವನು ಆಶ್ರಿತನ ನಂಬಿಕೆಯನ್ನು ನಡುದಾರಿಯಲ್ಲಿ ಬಿಡುವುದು ಕರಾರಿಗೆ ವಿರೋಧವಲ್ಲದಿದ್ದರೂ ಧರ್ಮಕ್ಕೆ ವಿರೋಧವೇ.

ಈ ಕಥೆಗಳಲ್ಲಿ ಒಂದು ಸಾಂತ್ವನವೂ ಇದೆ. ಸೆಂಟ್‌ಓಎಸ್ ನಿಂತೊಡನೆ 2021ರಲ್ಲಿಯೇ ರಾಕಿ, ಆಲ್ಮಾ ಎಂಬ ಎರಡು ಹೊಸವು ಹುಟ್ಟಿದವು. ಹಿಂದೆ ಸನ್ ಕಂಪೆನಿಯು 2005ರಲ್ಲಿ ತನ್ನ ಸೋಲಾರಿಸ್ ವ್ಯವಸ್ಥೆಯನ್ನು ತೆರೆದಿತ್ತು. 2010ರಲ್ಲಿ ಆ ಕಂಪೆನಿಯನ್ನು ಕೊಂಡ ಆರಕಲ್ಲಿನವರು ಅದನ್ನು ಮುಚ್ಚಿದರು. ಆದರೆ ಮುಚ್ಚುವ ಮೊದಲು ಹೊರಬಂದುದನ್ನು ಹಿಂದಕ್ಕೆ ಕರೆಯಲು ಅವರಿಗೆ ಸಾಧ್ಯವಾಗಲಿಲ್ಲ. ಅದರಿಂದ ಇಲ್ಯೂಮೋಸ್ ಎಂಬ ಕವಲು ಬೆಳೆಯಿತು. ಹೀಗೆ, ನಿಯಮವು ಗಟ್ಟಿಯಾಗಿದ್ದರೆ ವರ್ತಕನು ನಾಳಿನ ನೀರನ್ನು ತಡೆಯಬಲ್ಲನೇ ಹೊರತು ನಿನ್ನೆ ಹರಿದ ನೀರನ್ನಲ್ಲ. ಬಿಟ್ಟುಹೋಗುವ ಸ್ವಾತಂತ್ರ್ಯವಿದೆಯೇ ಎಂಬುದೇ ಎಲ್ಲರ ಸೊತ್ತಿನ ನಿಜವಾದ ಒರೆಗಲ್ಲು. ಬಳಸುವವರು "ನಿನ್ನ ಸಹವಾಸ ಸಾಕು" ಎಂದು ಹೇಳಿ, ಇದ್ದುದನ್ನು ಹೊತ್ತುಕೊಂಡು ಬೇರೆ ಬಿಡಾರ ಹೂಡಬಲ್ಲರಾದರೆ, ಅಲ್ಲಿ ವರ್ತಕನು ಎಷ್ಟು ಹಣ ಸುರಿದರೂ ಆತನು ಒಕ್ಕಲೇ ಹೊರತು ಒಡೆಯನಲ್ಲ.

ಆದರೆ ಬಿಡಾರ ಹೂಡಲು ಜನ ಬೇಕು, ಶ್ರಮ ಬೇಕು. ಇಲ್ಲಿ ವರ್ತಕನ ಕೈಗಿಂತ ಭಯಂಕರವಾದ ಇನ್ನೊಂದು ಸಂಗತಿ ಎದುರಾಗುತ್ತದೆ: ಯಾರ ಕೈಯೂ ಇಲ್ಲದಿರುವುದು. ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಕೆರೆಯನ್ನು ಕಟ್ಟಿಸಿದರೆ ಹೆಸರು ಬರುತ್ತದೆ. ಹೂಳೆತ್ತಿದವನ ಹೆಸರನ್ನು ಯಾರೂ ಕಲ್ಲಿನಲ್ಲಿ ಕೊರೆಯುವುದಿಲ್ಲ. ಆದುದರಿಂದಲೇ ಕೆರೆಯ ಸಂರಕ್ಷಣೆಗೆಂದು ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಭೂಮಿಯನ್ನೋ ಆದಾಯದ ಪಾಲನ್ನೋ ಬಿಟ್ಟಿಡುವ ಪದ್ಧತಿಯನ್ನು ಮಾಡಿದರು. ಈ ಹೊಸ ಕೆರೆಗಳಿಗೆ ಬಿತ್ತುವಟ್ಟವಿರಲಿಲ್ಲ. 2014ರ ಏಪ್ರಿಲಿನಲ್ಲಿ, ಲೋಕದ ಬ್ಯಾಂಕುಗಳೂ ಅಂಗಡಿಗಳೂ ಗುಟ್ಟನ್ನು ಕಾಯುವುದಕ್ಕೆ ನಂಬಿದ್ದ ಓಪನ್ ಎಸ್.ಎಸ್.ಎಲ್. ಎಂಬ ಸಾಧನದಲ್ಲಿ ಘೋರವಾದ ದೋಷವೊಂದು ಬಯಲಾಯಿತು. ವಿಚಾರಿಸಿದರೆ, ಅದನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಪೂರ್ಣಕಾಲ ದುಡಿಯುವವನು ಒಬ್ಬನೇ. ಬರುತ್ತಿದ್ದ ದಾನ ವರ್ಷಕ್ಕೆ ಸುಮಾರು 2,000 ಡಾಲರು! ಅದರ ಮೇಲೆ ನಡೆಯುತ್ತಿದ್ದ ವ್ಯಾಪಾರಕ್ಕೆ ಲೆಕ್ಕವಿಲ್ಲ. ಅನಂತರವೇ ದೊಡ್ಡ ಕಂಪೆನಿಗಳು ಸೇರಿ ನಿಧಿಯೊಂದನ್ನು ಕೂಡಿಸಿದುವು.

2024ರ ಮಾರ್ಚಿನ ಘಟನೆ ಇನ್ನೂ ಮನಕರಗಿಸುವಂಥದು. ಎಕ್ಸ್‌ಜ಼ಡ್ ಎಂಬ ಒಂದು ಸಣ್ಣ ಸಾಧನ, ಎಲ್ಲ ಲಿನಕ್ಸುಗಳಲ್ಲಿಯೂ ಹೆಚ್ಚುಕಡಿಮೆ ಇರುವುದು. ಅದನ್ನು ವರ್ಷಗಟ್ಟಲೆ ಸಂಬಳವಿಲ್ಲದೆ ಒಬ್ಬನೇ ನೋಡಿಕೊಳ್ಳುತ್ತಿದ್ದನು, ದಣಿದಿದ್ದನು. ಕೆಲಸ ತಡವಾಗುತ್ತಿದೆಯೆಂದು ಕೆಲವರು ಆತನನ್ನು ಹಂಗಿಸಿದರು. ಆಗ ಸಹಾಯಕನ ವೇಷದಲ್ಲಿ ಬಂದವನೊಬ್ಬನು ಸುಮಾರು ಎರಡು ವರ್ಷ ನಂಬಿಕೆಯನ್ನು ಗಳಿಸಿ, ಒಳಗೊಂದು ಕಳ್ಳಬಾಗಿಲನ್ನು ಇಟ್ಟನು. ಅದು ಎಲ್ಲೆಡೆಗೂ ಹರಡುವ ಮೊದಲೇ ಹಿಡಿದವನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು. ಯಂತ್ರವು ಬಾಗಿಲು ತೆರೆಯಲು ಸುಮಾರು ಅರ್ಧ ಸೆಕೆಂಡು ಹೆಚ್ಚಾಗಿ ತೆಗೆದುಕೊಳ್ಳುವುದನ್ನು ಕಂಡು, "ಇರಲಿ" ಎಂದು ಸುಮ್ಮನಾಗದೆ, ಬೆನ್ನಟ್ಟಿ ಹೋದನು. ಆತನು ಮೈಕ್ರೋಸಾಫ್ಟಿನ ಸಂಬಳದಲ್ಲಿದ್ದವನು. ಲಿನಕ್ಸನ್ನು ಒಮ್ಮೆ ಅರ್ಬುದಕ್ಕೆ ಹೋಲಿಸಿದ ಕಂಪೆನಿಯ ನೌಕರನು! ಆ ಅರ್ಧ ಸೆಕೆಂಡಿನ ಬೆನ್ನುಹತ್ತೆಂದು ಯಾವ ಯಜಮಾನನೂ ಅಪ್ಪಣೆ ಮಾಡಿರಲಿಲ್ಲ. ಆದರೆ ಬೆನ್ನುಹತ್ತುವಷ್ಟು ವಿದ್ಯೆಗೂ ವಿರಾಮಕ್ಕೂ ಸಂಬಳವು ಆಧಾರವಾಗಿತ್ತು. ಸಂಬಳವು ದಾನದ ಶತ್ರುವೆಂದು ಹೇಳುವವರೂ, ಸಂಬಳವೇ ಎಲ್ಲವನ್ನೂ ಮಾಡಿಸುವುದೆಂದು ಹೇಳುವವರೂ ಈ ಒಂದು ಘಟನೆಯನ್ನು ಮನನ ಮಾಡಬೇಕು. ದಣಿದ ದಾನಿಯನ್ನು ಒಂಟಿಯಾಗಿ ಬಿಟ್ಟುದರಿಂದ ಕಳ್ಳನಿಗೆ ಎಡೆಯಾಯಿತು. ಸಂಬಳದವನ ಅಪ್ಪಣೆಯಿಲ್ಲದ ಶ್ರದ್ಧೆಯಿಂದ ಕಳ್ಳನು ಸಿಕ್ಕಿದನು.

ಇಷ್ಟು ವಿಚಾರವಾದ ಮೇಲೆ ನಮ್ಮ ತರುಣನ ಪ್ರಶ್ನೆಗೆ ಹಿಂದಿರುಗೋಣ. ಆತನು ಮಾಡುತ್ತಿರುವುದು ದಾನವೇ? ಕಟ್ಟುನಿಟ್ಟಾಗಿ ಹೇಳುವುದಾದರೆ, ಅಲ್ಲ. ಆತನ ದುಡಿಮೆಗೆ ಬೆಲೆ ಸಂದಿದೆ. ಆದರೆ ಆ ದುಡಿಮೆಯ ಫಲವು ಬೆಲೆ ಕೊಟ್ಟವನಲ್ಲಿಯೇ ನಿಲ್ಲದೆ, ಬೆಲೆ ಕೊಡದವನಿಗೂ ನಿಯಮದ ಬಲದಿಂದ ಹೋಗಿ ಸೇರುತ್ತದೆ. ಸಂಬಳ ಪಡೆಯುವ ಉಪಾಧ್ಯಾಯನು ಕಲಿಸಿದ ವಿದ್ಯೆಯು ಸಂಬಳದೊಡನೆ ತೀರಿಹೋಗುವುದಿಲ್ಲವಷ್ಟೆ. ಶಿಷ್ಯನಿಂದ ಪ್ರಶಿಷ್ಯನಿಗೆ ಸಾಗುತ್ತದೆ. ಇದನ್ನು ವೃತ್ತಿಧರ್ಮವೆನ್ನಬೇಕು, ದಾನಕ್ಕಿಂತ ಕೀಳೆಂದು ತಿಳಿಯಬೇಕಾದುದಿಲ್ಲ. ಆತನಿಗೆ ನೋವಾದುದು ಸಂಬಳದಿಂದಲ್ಲ. ಹಳೆಯ ಯಂತ್ರದ ದೋಷವನ್ನು ಬಿಟ್ಟುದರಿಂದ. ಸಂಬಳವು ಕೈಯನ್ನು ಕೊಂಡಿತು, ಅದು ನ್ಯಾಯ. ಕೈಯ ಜೊತೆಯಲ್ಲಿ ಆಯ್ಕೆಯನ್ನೂ ಕೊಂಡುಬಿಟ್ಟಿತು, ಅಲ್ಲಿದೆ ಹಾನಿ. ನೂರಕ್ಕೆ ತೊಂಬತ್ತು ಮಂದಿ ಹೀಗೆ ಆಯ್ಕೆಯನ್ನು ಮಾರಿದರೆ, ಮೂಲಪಾಠವು ತೆರೆದಿದ್ದರೂ, ಕೊಳ್ಳಲಾರದವನ ಕಷ್ಟವನ್ನು ಕೇಳುವವರಿರುವುದಿಲ್ಲ. ಎಲ್ಲರ ಸೊತ್ತಿಗೆ ಎಲ್ಲರ ಕಷ್ಟವೂ ಮುಟ್ಟಬೇಕು.

ಈ ಅಭಿಪ್ರಾಯವನ್ನು ನಾವು ಆತನಿಗೆ ಕಾಗದದಲ್ಲಿ ಬರೆದು, "ಅಪ್ಪಾ, ವಾರಕ್ಕೊಂದು ಗಳಿಗೆಯನ್ನಾದರೂ ಅಪ್ಪಣೆಯಿಲ್ಲದ ಕೆಲಸಕ್ಕೆ ಉಳಿಸಿಕೋ" ಎಂದು ಬುದ್ಧಿ ಹೇಳಿದೆವು. ಆತನು ಮರುತ್ತರ ಬರೆದನು. ಅದರಲ್ಲಿ ಮರ್ಯಾದೆಗೆ ಕೊರತೆಯಿರಲಿಲ್ಲ, ಆದರೆ ಕೊನೆಯ ಸಾಲು ಹೀಗಿತ್ತು: "ಮಾಮ, ಕಂಪೆನಿಗಳ ಕರ್ತವ್ಯವನ್ನು ಹೇಳಿದಿರಿ, ನನ್ನ ಕರ್ತವ್ಯವನ್ನೂ ಹೇಳಿದಿರಿ. ನೀವೂ ಇಷ್ಟು ವರ್ಷ ಈ ಕೆರೆಯ ನೀರನ್ನು ಕುಡಿದವರಲ್ಲವೆ? ನಿಮ್ಮದೇನು?"

ಈ ಪ್ರಶ್ನೆಯು ನಮಗೆ ಚೆನ್ನಾಗಿ ತಗುಲಿತು. ವರ್ತಕನು ಲಾಭಕ್ಕಾದರೂ ಏನನ್ನೋ ಕೊಟ್ಟಿದ್ದಾನೆ; ತರುಣನು ಸಂಬಳಕ್ಕಾದರೂ ದುಡಿದಿದ್ದಾನೆ; ನಾವು ಮಾತ್ರ ಕುಡಿದು, ಕೆರೆಯು ಯಾರದೆಂದು ವಾದಿಸುತ್ತ ದಂಡೆಯ ಮೇಲೆ ಕುಳಿತಿದ್ದೇವೆ. ವಿದ್ಯೆಯನ್ನು ಪಡೆದವನ ಮೇಲೆ ಋಷಿಋಣವಿರುವುದೆಂದೂ, ಅದು ತೀರುವುದು ಅಧ್ಯಯನದಿಂದಲೂ ಅಧ್ಯಾಪನದಿಂದಲೂ ಎಂದೂ ನಮ್ಮಲ್ಲಿ ಹೇಳುವರು. ಈ ಋಣವನ್ನು ತೀರಿಸಲು ಎಲ್ಲರೂ ಎಂಜಿನಿಯರುಗಳಾಗಬೇಕಾಗಿಲ್ಲ. ಯಂತ್ರವು ಬಳಸುವವನೊಡನೆ ಆಡುವ ಸಾವಿರಾರು ಸಣ್ಣ ವಾಕ್ಯಗಳನ್ನು ಕನ್ನಡಕ್ಕೆ ತರುವ ಕೆಲಸ ಈ ತೆರೆದ ವ್ಯವಸ್ಥೆಗಳಲ್ಲಿ ಬಹುಮಟ್ಟಿಗೆ ಉತ್ಸಾಹಿಗಳ ಕೈಯಿಂದಲೇ ನಡೆಯಬೇಕಾಗಿದೆ. ಅದಕ್ಕೆ ಬೇಕಾದುದು ಯಂತ್ರಶಾಸ್ತ್ರಕ್ಕಿಂತ ಹೆಚ್ಚಾಗಿ ಒಳ್ಳೆಯ ಕನ್ನಡ. ಅದು ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಉಂಟು. ನಮ್ಮ ಸಂಘಸಂಸ್ಥೆಗಳೂ ಸರ್ಕಾರದ ಕಚೇರಿಗಳೂ ಶಾಲೆಗಳೂ ತಾವು ಬಳಸುವ ಸಾಧನಗಳನ್ನು ನೋಡಿಕೊಳ್ಳುವವರಿಗೆ ವರ್ಷಕ್ಕಿಷ್ಟೆಂದು ಬಿತ್ತುವಟ್ಟವನ್ನು ಬಿಡುವುದೂ ಅಸಾಧ್ಯವೇನಲ್ಲ.

ವರ್ತಕನ ಕೈಯನ್ನು ಕಂಡು ಹೆದರುವವರು ಒಂದನ್ನು ನೆನೆಯಬೇಕು. ಆ ಕೈ ದೊಡ್ಡದಾಗಿ ಕಾಣುವುದು ಉಳಿದ ಕೈಗಳೆಲ್ಲ ಮಡಿಚಿಕೊಂಡಿರುವುದರಿಂದ. ನಾವು ನಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಸೂಚಿಸಬೇಕೆಂದಿದ್ದೇವೆ; ಆ ತರುಣನಿಗೂ ಹಾಗೆಂದು ಬರೆದಿದ್ದೇವೆ. ಸೂಚಿಸಿದ ಮೇಲೆ ನಡೆಯುವುದೋ ಇಲ್ಲವೋ ಎಂಬುದು ವಾಚಕಮಹಾಶಯರಿಗೆ ಬಿಟ್ಟದ್ದು.